ಗಂಟೆಗೆ ಮೂವತ್ತು

ಫ್ರಿಜ್ಜಿನ ಬಾಗಿಲಿಗೆ ಹಾಳೆ ಅಂಟಿಸಿದವಳು ನಾನೇ.
ಮೆಟ್ಟಿಲ ಮೇಲಿನ ಹಿಮ ಬಳಿದರೆ ಐದು,
ಸೌದೆ ಒಟ್ಟಿದರೆ ಹತ್ತು,
ಗಣಿತದಲ್ಲಿ ಒಂದು ದರ್ಜೆ ಮೇಲೇರಿದರೆ ನಲವತ್ತು,
ಬಾಗಿಲನ್ನು ದಢಾರನೆ ಬಡಿಯದ ದಿನಕ್ಕೆ ಎರಡು.
ಸಾವಿರವಾದರೆ ಕಾರು.

ಕಾರು ಆಗಲೇ ಅಂಗಳದಲ್ಲಿತ್ತು.
ಕಣ್ಣು ಮಂಜಾದ ಮೇಲೆ ಬೆಂಗ್ಟ್-ಊಲೊಫ್ ಮುದುಕ ಮಾರಿದ ವೋಲ್ವೊ,
ನನಗಿಂತ ಐದು ವರ್ಷ ಕಿರಿದು,
ನನ್ನ ಹಾಗೇ ಬುಡದಲ್ಲಿ ತುಕ್ಕು.
ಸ್ವೀಡನ್ನಿನಲ್ಲಿ ಹದಿನೈದಕ್ಕೇ ಓಡಿಸಬಹುದು,
ಹಿಂದಿನ ಸೀಟು ಕಿತ್ತು
ವೇಗಕ್ಕೆ ಮೂಗುದಾರ ಪೋಣಿಸಿ
ಬೆನ್ನಿಗೊಂದು ಕೆಂಪು ತ್ರಿಕೋನ ಹಚ್ಚಿ
ಕಾಗದದಲ್ಲಿ ಅದನ್ನು ಟ್ರ್ಯಾಕ್ಟರ್ ಎಂದು ಕರೆದರೆ.
ಗಂಟೆಗೆ ಮೂವತ್ತು. ಅದರ ಮೇಲೆ ಕೂದಲೆಳೆಯಷ್ಟೂ ಇಲ್ಲ.

ನನ್ನ ಹದಿನೈದಕ್ಕೆ ಅಪ್ಪ ಏನೂ ಕೊಡಲಿಲ್ಲ.
ಆ ಏನೂ-ಇಲ್ಲವನ್ನು
ಮೂವತ್ತು ವರ್ಷ ಪದಕದಂತೆ ಎದೆಗೆ ಸಿಕ್ಕಿಸಿಕೊಂಡು ತಿರುಗಿದ್ದೇನೆ,
ಕೇಳಿದವರಿಗೂ ಕೇಳದವರಿಗೂ ತೋರಿಸಿದ್ದೇನೆ.
ಅದಕ್ಕೇ ಹಾಳೆ. ಅದಕ್ಕೇ ದಾರ ಕಟ್ಟಿ ತೂಗಿಬಿಟ್ಟ ಪೆನ್ನು.

ಎಂಟುನೂರ ಅರವತ್ತಕ್ಕೆ ವೆಂಡೆಲಾ ನಿಲ್ಲಿಸಿದಳು.
ಜಗಳವಾಡಲಿಲ್ಲ. ಆಡಿದ್ದರೆ ಅಂಕ ಕಳೆಯಬಹುದಿತ್ತು.
"ಅಜ್ಜಿಯ ತಲೆ ತೊಳೆದದ್ದಕ್ಕೂ ಹತ್ತು ಅಂತ ಬರೆದಿದ್ದೀಯ"
ಎಂದಳು, ಅಷ್ಟೆ.
ಮಾರನೆಯ ಬೆಳಿಗ್ಗೆ, ಬೆಳಿಗ್ಗೆ ಎನ್ನುವ ಆ ಕತ್ತಲಲ್ಲಿ,
ಬಸ್ಸಿನ ತನಕ ನಾಲ್ಕು ಕಿಲೋಮೀಟರ್ ನಡೆದೇ ಹೋದಳು.
ಚೀಲಕ್ಕೆ ನೇತುಬಿಟ್ಟ ಹೊಳೆಯುವ ಬಿಲ್ಲೆ
ನನ್ನ ಕಿಟಕಿಯ ಬೆಳಕನ್ನೊಮ್ಮೆ ಹಿಡಿಯಿತು,
ಬಿಟ್ಟುಬಿಟ್ಟಿತು.

ಕೆಲಸದ ಮನೆಯ ಕಾಫಿ ಕೋಣೆಯಲ್ಲಿ ಮೈಕೆನ್ ಅಂದಳು:
ಪುಕ್ಕಟೆ ಸಿಕ್ಕಿದ್ದು ಮೈಗೆ ಹತ್ತುವುದಿಲ್ಲ, ಬಿಡಬೇಡ.
ಅವಳ ಮಗ ಹೊಚ್ಚ ಹೊಸ ಕಾರನ್ನು
ಚರಂಡಿಗಿಳಿಸಿದ್ದು ನಮಗೆಲ್ಲ ಗೊತ್ತಿತ್ತು.
ಯಾರೂ ಏನೂ ಹೇಳಲಿಲ್ಲ,
ಸಕ್ಕರೆ ಹಾಕದವರೂ ಚಮಚ ತಿರುಗಿಸಿದೆವು.

ಜನವರಿಯ ಒಂದು ಬೆಳಿಗ್ಗೆ, ಸೊನ್ನೆಯ ಕೆಳಗೆ ಮೂವತ್ತನಾಲ್ಕು.
ನನ್ನ ಟೊಯೋಟಾ ಒಮ್ಮೆ ಕೆಮ್ಮಿ ಸುಮ್ಮನಾಯಿತು.
ರಾತ್ರಿ ಎಂಜಿನ್ನಿಗೆ ಬೆಚ್ಚನೆಯ ತಂತಿ ಚುಚ್ಚಲು
ಮರೆತವಳು, ಮತ್ತೆ ನಾನೇ.
ಲಿಕ್ಸೆಲೆಯಲ್ಲಿ ಏಳು ಗಂಟೆಗೆ ಹನ್ನೊಂದು ಜನ ಮುದುಕರು
ಹಾಸಿಗೆಯಿಂದೇಳಲು ನನ್ನ ತೋಳಿಗಾಗಿ ಕಾಯುತ್ತಾರೆ.
ಬೂಟು ಹಾಕಿಕೊಂಡು ನಿಂತಿದ್ದಳು. ಕೈ ಚಾಚಿದಳು.
"ಕೀಲಿ."
"ಅದು ಹೊರಡಲ್ಲ ಕಣೇ, ನವೆಂಬರಿನಿಂದ ನಿಂತಲ್ಲೇ ನಿಂತಿದೆ."
ಉತ್ತರಿಸದೆ ಬಗ್ಗಿ, ಹಿಮದೊಳಗೆ ಬೆರಳಿಟ್ಟು
ಕಿತ್ತಳೆ ಬಣ್ಣದ ತಂತಿಯನ್ನು ಎಳೆದು ತೆಗೆದಳು.
ಒಂದು ತುದಿ ಕಂಬದಲ್ಲಿ, ಇನ್ನೊಂದು ವೋಲ್ವೊದ ಮೂತಿಯಲ್ಲಿ.
ಬೇಡವೆಂದ ಕಾರಿಗೆ
ಚಳಿಗಾಲವಿಡೀ ಪ್ರತಿ ರಾತ್ರಿ ಬಿಸಿ ಉಣಿಸಿದ್ದಳು.
ಆ ತಿಂಗಳ ಕರೆಂಟ್ ಬಿಲ್ಲಿಗೆ ನಾನು ಬೈದದ್ದು
ಕಂಪನಿಯವರನ್ನು.

ಇಪ್ಪತ್ತೆರಡು ಕಿಲೋಮೀಟರ್, ಗಂಟೆಗೆ ಮೂವತ್ತರಂತೆ.
ಹಿಂದೆ ಮರದ ದಿಮ್ಮಿಯ ಲಾರಿ, ಅದರ ಹಿಂದೆ ಇನ್ನೊಂದು,
ದಿಬ್ಬಣ ಹೊರಟ ಹಾಗೆ.
ಹಾರ್ನು ಹೊಡೆದರು. ಅವಳು ಕನ್ನಡಿ ನೋಡಿ, ಜಾಗ ಸಿಕ್ಕಲ್ಲಿ
ಪಕ್ಕಕ್ಕೆ ಸರಿದು, ಬಿಟ್ಟು, ಮತ್ತೆ ರಸ್ತೆಗಿಳಿದಳು.
ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.
ಸ್ಪ್ರೂಸ್ ಮರಗಳು ಒಂದೊಂದಾಗಿ, ಎಣಿಸುವಷ್ಟು ಮೆಲ್ಲಗೆ
ಬಂದವು, ಹೋದವು.
ಅರ್ಧ ದಾರಿ ಕಳೆದ ಮೇಲೆ ಅಂದಳು:
"ತಲೆ ತೊಳೆಯುವಾಗ ಅಜ್ಜಿ
ನನ್ನನ್ನು ನಿನ್ನ ಹೆಸರಿಂದ ಕರೀತಾಳೆ.
ನಾನು ತಿದ್ದಲ್ಲ. ಓ ಅಂತೀನಿ."

ಇದನ್ನು ಯಾವ ಸಾಲಿನಲ್ಲಿ ಬರೆಯಲಿ?
ಐದೇ, ಹತ್ತೇ?
ಯಾರ ಹೆಸರಿನ ಕೆಳಗೆ?

ಬಾಗಿಲಲ್ಲಿ ಇಳಿಸಿ, "ಪೆಟ್ರೋಲಿಗೆ ಅರವತ್ತು ಕ್ರೋನಾ" ಎಂದಳು,
ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ.
ಕೊಟ್ಟೆ.
ಇಪ್ಪತ್ತು ನಿಮಿಷ ತಡವಾಗಿದ್ದೆ, ಆದರೂ ನಿಂತೇ ಇದ್ದೆ.
ಕೆಂಪು ತ್ರಿಕೋನ ಶಾಲೆಯ ಕಡೆಗೆ ಹೊರಟಿತು.
ಅಷ್ಟೊಂದು ನಿಧಾನವಾದ್ದರಿಂದ
ಬಹಳ ಹೊತ್ತು ಕಾಣುತ್ತಲೇ ಇತ್ತು.